ಕರ್ನಾಟಕದಲ್ಲಿ ಅಶ್ವಸಂವರ್ಧನೆ ಮತ್ತು ಕುದುರೆ ಪಂದ್ಯ: ಒಂದು ಆರ್ಥಿಕ ಚರಿತ್ರೆ

ಕರ್ನಾಟಕದ ರಾಜಕೀಯ ಚರಿತ್ರೆಯಲ್ಲಿ ಕುದುರೆಗೆ ದೊರೆತಿರುವ ಸ್ಥಾನ ಆರ್ಥಿಕ ಚರಿತ್ರೆಯಲ್ಲಿ ದೊರೆತಿಲ್ಲ. ವೀರಗಲ್ಲುಗಳ ಮೇಲೂ ದೇವಾಲಯಗಳ ಭಿತ್ತಿಗಳ ಮೇಲೂ ಕಾಣುವ ಕುದುರೆಯನ್ನು ಸಾಕಿದವರಾರು, ಅದರ ಹುರುಳಿ ಹುಲ್ಲಿನ ವೆಚ್ಚವನ್ನು ಭರಿಸಿದವರಾರು ಎಂಬ ಪ್ರಶ್ನೆಗಳು ಹಿಂದೆ ಉಳಿದಿವೆ. ಎತ್ತು ಹೊಲದಲ್ಲಿ ದುಡಿದು ತನ್ನ ಮೇವನ್ನು ತಾನೇ ಗಳಿಸಿಕೊಳ್ಳುತ್ತದೆ. ಹಸು ಹಾಲು ಕೊಡುತ್ತದೆ. ಉತ್ತಮ ತಳಿಯ ಕುದುರೆಯ ವಿಷಯ ಹಾಗಲ್ಲ. ಅದರ ಗರ್ಭಾವಧಿ ಸುಮಾರು 11 ತಿಂಗಳು. ಹುಟ್ಟಿದ ಮರಿ ಓಟದ ಕಣಕ್ಕಿಳಿಯಲು ಕನಿಷ್ಠ 2 ವರ್ಷ ಬೇಕು. ಈ ಸುಮಾರು 3 ವರ್ಷಗಳಲ್ಲಿ ವೆಚ್ಚವಿದೆ, ಆದಾಯವಿಲ್ಲ. ಆದುದರಿಂದ ಅಶ್ವಸಂವರ್ಧನೆ ಎಂದೂ ಸ್ವತಂತ್ರವಾಗಿ ಬದುಕಿದ ಉದ್ಯಮವಲ್ಲ. ದುಡಿಯದ ಆ ವರ್ಷಗಳ ಭಾರವನ್ನು ಹೊರುವ ಒಬ್ಬ ಆಶ್ರಯದಾತ ಅದಕ್ಕೆ ಸದಾ ಬೇಕಾಗಿದ್ದಾನೆ. ಈ ಆಶ್ರಯ ಕಾಲಕಾಲಕ್ಕೆ ಕೈ ಬದಲಾಯಿಸಿದ ಬಗೆಯನ್ನೂ ಇಂದು ಅದು ತಲಪಿರುವ ಸ್ಥಿತಿಯನ್ನೂ ಪ್ರಸ್ತುತ ಲೇಖನದಲ್ಲಿ ಪರಿಶೀಲಿಸಲಾಗಿದೆ.

ಆಮದಿನ ಕಾಲ

ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ದಲ್ಲಿ ಕುದುರೆಗಳ ಲಕ್ಷಣ ಮತ್ತು ಅಶ್ವವಿನೋದಗಳ ವಿವರಣೆಯಿದೆ. ಶಾಸ್ತ್ರಜ್ಞಾನ ಹೀಗೆ ಬೆಳೆದಿದ್ದರೂ ಯುದ್ಧಕ್ಕೆ ಯೋಗ್ಯವಾದ ಕುದುರೆ ಬಹುಪಾಲು ಕಡಲಾಚೆಯಿಂದಲೇ ಬರಬೇಕಾಗಿತ್ತು. ವಿಜಯನಗರದ ಅರಸರು ಹೊರ್ಮುಜ್ ಮತ್ತು ಅರೇಬಿಯಾದ ಕುದುರೆಗಳನ್ನು ಪಶ್ಚಿಮ ಕರಾವಳಿಯ ಬಂದರುಗಳ ಮೂಲಕ ತರಿಸುತ್ತಿದ್ದರು. ಸಾಳುವ ನರಸಿಂಹನು ಹಡಗಿನಲ್ಲಿ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ವರ್ತಕರಿಗೆ ಪೂರ್ಣ ಬೆಲೆ ಕೊಡುತ್ತಿದ್ದನೆಂದು ಪೋರ್ಚುಗೀಸ್ ವರ್ತಕ ನುನಿಜ್ ಬರೆದಿದ್ದಾನೆ. ಇದನ್ನು ಅರಸನ ಔದಾರ್ಯದ ಕಥೆಯೆಂದು ಓದುವುದಕ್ಕಿಂತ ವ್ಯಾಪಾರದ ಕರಾರೆಂದು ಓದುವುದು ಸೂಕ್ತ. ಸಮುದ್ರಯಾನದ ನಷ್ಟವನ್ನು ರಾಜ್ಯವೇ ಹೊತ್ತುದರಿಂದ ವರ್ತಕರು ಧೈರ್ಯವಾಗಿ ಕುದುರೆಗಳನ್ನು ತರುವಂತಾಯಿತು. 1510ರಲ್ಲಿ ಗೋವೆ ಪೋರ್ಚುಗೀಸರ ವಶವಾದ ಮೇಲೆ ಈ ವ್ಯಾಪಾರದ ಹಿಡಿತ ಅವರ ಕೈಸೇರಿತು. ಕುದುರೆಗಾಗಿ ಪರರನ್ನು ಅವಲಂಬಿಸುವುದು ಎಷ್ಟು ದುಬಾರಿ ಎಂಬುದು ಆಗಲೇ ಸ್ಪಷ್ಟವಾಗಿತ್ತು.

ಕುಣಿಗಲ್ ಮತ್ತು ಸಿಲೇದಾರಿ ಪದ್ಧತಿ

ಮೈಸೂರು ರಾಜ್ಯದಲ್ಲಿ ಸ್ಥಳೀಯವಾಗಿಯೇ ಕುದುರೆಗಳನ್ನು ಬೆಳೆಸುವ ಯತ್ನಕ್ಕೆ ಕುಣಿಗಲ್ಲಿನ ಕುದುರೆ ಫಾರಂ ದೊಡ್ಡ ಸಾಕ್ಷಿ. ತುಮಕೂರು ಜಿಲ್ಲೆಯ ಈ ಫಾರಂ ಟಿಪ್ಪು ಸುಲ್ತಾನನ ಅಶ್ವದಳದ ಅಗತ್ಯಕ್ಕಾಗಿ ಹುಟ್ಟಿತೆಂಬುದು ರೂಢಿಯ ಅಭಿಪ್ರಾಯ. 1799ರ ಅನಂತರ ಫಾರಂ ಉಳಿದುದಕ್ಕೆ ಕಾರಣ ಹೊಸ ರಾಜಕೀಯ ವ್ಯವಸ್ಥೆಯೇ. 1807ರ ಪೂರಕ ಒಪ್ಪಂದದಂತೆ ಮೈಸೂರು ಸಂಸ್ಥಾನವು 4,000 ಕುದುರೆ ಸವಾರರನ್ನು ಸಜ್ಜಾಗಿ ಇರಿಸಬೇಕಾಗಿತ್ತು. ಈ ಸವಾರರು ಸಿಲೇದಾರರು. ಕುದುರೆ ಅವರದೇ, ಸಂಬಳ ಸರ್ಕಾರದ್ದು. ಕುದುರೆ ಸತ್ತರೆ ನಷ್ಟ ಸಿಲೇದಾರನದು. ವಿಜಯನಗರದಲ್ಲಿ ಅರಸ ಹೊತ್ತಿದ್ದ ನಷ್ಟದ ಭಾರ ಇಲ್ಲಿ ಸವಾರನ ಹೆಗಲಿಗೆ ಬಂದಿತು. ಅವನಿಗೆ ಕೈಗೆಟುಕುವ ಬೆಲೆಯ ಕುದುರೆ ದೊರೆಯಬೇಕಾದರೆ ಸಂಸ್ಥಾನವೇ ತಳಿಸಾಕಣೆಯ ವೆಚ್ಚವನ್ನು ವಹಿಸುವುದು ಅನಿವಾರ್ಯವಾಗಿತ್ತು.

19ನೆಯ ಶತಮಾನದ ಕೊನೆಯ ದಶಕದಲ್ಲಿ ಈ ದಳದಿಂದಲೇ ಮೈಸೂರು ಲ್ಯಾನ್ಸರ್ಸ್ ಪಡೆ ರೂಪುಗೊಂಡಿತು. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಭಾರತೀಯ ಅಶ್ವದಳಗಳಲ್ಲಿ ಅದೂ ಒಂದು. ಆದರೆ ಅದೇ ಮಹಾಯುದ್ಧ ಯಂತ್ರವಾಹನಗಳ ಯುಗವನ್ನೂ ತೆರೆಯಿತು. ಸ್ವಾತಂತ್ರ್ಯಾನಂತರ ಸಂಸ್ಥಾನಗಳ ಅಶ್ವದಳಗಳನ್ನು ಒಗ್ಗೂಡಿಸಿ 1953ರಲ್ಲಿ 61ನೆಯ ಅಶ್ವದಳವನ್ನು ರಚಿಸಿದಾಗ ಮೈಸೂರಿನ ಸವಾರರೂ ಅದರಲ್ಲಿ ಸೇರಿದರು. ಅಲ್ಲಿಗೆ ಅಶ್ವಸಂವರ್ಧನೆಗೆ ಸೈನ್ಯ ನೀಡುತ್ತಿದ್ದ ಆಶ್ರಯ ಕರ್ನಾಟಕದ ಮಟ್ಟಿಗೆ ಕೊನೆಗೊಂಡಿತು.

ಪಂದ್ಯದ ಆಶ್ರಯ

ಸೈನ್ಯದ ಸ್ಥಾನವನ್ನು ತುಂಬಿದುದು ಪಂದ್ಯ. ಚಾಮರಾಜೇಂದ್ರ ಒಡೆಯರ ಕಾಲದಲ್ಲಿ, 1891ರಲ್ಲಿ, ಮೈಸೂರು ರೇಸ್ ಕ್ಲಬ್ ಆರಂಭವಾಯಿತು. ಬೆಂಗಳೂರಿನ ದಂಡುಪ್ರದೇಶದ ಜೀವನದಲ್ಲಿಯೂ ಕುದುರೆ ಪಂದ್ಯ ಬೇರೂರಿತು. ಅರಮನೆಯ ಮತ್ತು ಸೈನ್ಯಾಧಿಕಾರಿಗಳ ವಿನೋದವಾಗಿದ್ದುದು ಕ್ರಮೇಣ ಸರ್ಕಾರದ ವರಮಾನದ ಮೂಲವಾಯಿತೆಂಬುದಕ್ಕೆ 1932ರ ಮೈಸೂರು ಬೆಟ್ಟಿಂಗ್ ತೆರಿಗೆ ಕಾಯಿದೆ ಮತ್ತು 1952ರ ಮೈಸೂರು ರೇಸ್ ಕೋರ್ಸ್ ಪರವಾನಗಿ ಕಾಯಿದೆ ಎರಡೂ ಸಾಕ್ಷಿ.

ಈ ವ್ಯವಸ್ಥೆಯಲ್ಲಿ ಹಣ ಹರಿಯುವ ಕ್ರಮ ಸರಳವಾದುದು. ಜನ ಕಟ್ಟಿದ ಬಾಜಿಯ ಮೊತ್ತದಿಂದ ಕ್ಲಬ್ಬು ಒಂದು ಪಾಲನ್ನು ಕಮಿಷನ್ನಾಗಿ ಹಿಡಿದುಕೊಳ್ಳುತ್ತದೆ. ಅದರಿಂದ ಪಂದ್ಯಗಳ ಬಹುಮಾನ; ಬಹುಮಾನದ ಆಸೆಯಿಂದ ಮಾಲೀಕರ ಹೂಡಿಕೆ; ಆ ಹೂಡಿಕೆಯಿಂದ ತರಬೇತುದಾರ, ಜಾಕಿ, ಸೈಸ್ ಮತ್ತು ಲಾಳ ಕಟ್ಟುವವನ ಜೀವನ. ಕಟ್ಟಕಡೆಯಲ್ಲಿ ಇದೇ ಹಣ ಮರಿ ಕುದುರೆಯ ಬೆಲೆಯಾಗಿ ಫಾರಮ್ಮಿಗೆ ತಲಪುತ್ತದೆ. ಥರೋಬ್ರೆಡ್ ತಳಿಯಲ್ಲಿ ಕೃತಕ ಗರ್ಭಧಾರಣೆಗೆ ಅವಕಾಶವಿಲ್ಲ. ಸಹಜ ಸಂಗಮದಿಂದ ಹುಟ್ಟಿ ವಂಶಾವಳಿ ಪುಸ್ತಕದಲ್ಲಿ ನಮೂದಾದ ಮರಿಗೆ ಮಾತ್ರ ಮನ್ನಣೆ. ಆದುದರಿಂದ ಉತ್ತಮ ಬೀಜದ ಕುದುರೆಯನ್ನು ತಂದು ಸಾಕುವ ವೆಚ್ಚವನ್ನು ತಪ್ಪಿಸುವಂತಿಲ್ಲ.

ಪಶುಸಂಗೋಪನಾ ಇಲಾಖೆಯ ಅಧೀನದಲ್ಲಿದ್ದ ಕುಣಿಗಲ್ ಫಾರಮ್ಮನ್ನು 1992ರಲ್ಲಿ ಸರ್ಕಾರವು ಯುನೈಟೆಡ್ ರೇಸಿಂಗ್ ಅಂಡ್ ಬ್ಲಡ್‌ಸ್ಟಾಕ್ ಬ್ರೀಡರ್ಸ್ ಸಂಸ್ಥೆಗೆ 30 ವರ್ಷಗಳ ಗುತ್ತಿಗೆಗೆ ಕೊಟ್ಟಿತು. 1993ರಲ್ಲಿ ಇಂಗ್ಲೆಂಡಿನ ರಾಯಲ್ ಆಸ್ಕಟ್‌ನಲ್ಲಿ ಪ್ರಿನ್ಸ್ ಆಫ್ ವೇಲ್ಸ್ ಪಂದ್ಯ ಗೆದ್ದಿದ್ದ ಪ್ಲೇಸರ್‌ವಿಲ್ ಅನಂತರ ಇಲ್ಲಿಯ ಬೀಜದ ಕುದುರೆಯಾಗಿ ಹೆಸರು ಮಾಡಿತು. ಖಾಸಗಿ ಬಂಡವಾಳದಿಂದ ತಳಿಯ ಗುಣಮಟ್ಟ ಏರಿತೆಂಬುದು ನಿಜ. ಆದರೆ ಆ ಬಂಡವಾಳವೂ ಪಂದ್ಯದ ಬಹುಮಾನವನ್ನೇ ನೆಚ್ಚಿಕೊಂಡಿತ್ತು.

ತೆರಿಗೆಯ ಲೆಕ್ಕ

ಕುದುರೆ ಪಂದ್ಯವು ಮುಖ್ಯವಾಗಿ ಕೌಶಲವನ್ನು ಅವಲಂಬಿಸಿದ ಆಟವೆಂದು 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಲಕ್ಷ್ಮಣನ್ ಪ್ರಕರಣದಲ್ಲಿ ತೀರ್ಪು ನೀಡಿತು. ಆದರೂ 2017ರ ಜುಲೈನಲ್ಲಿ ಜಾರಿಗೆ ಬಂದ ಸರಕು ಮತ್ತು ಸೇವಾ ತೆರಿಗೆಯ ವ್ಯವಸ್ಥೆಯಲ್ಲಿ ಪಂದ್ಯ ಲಾಟರಿ, ಕ್ಯಾಸಿನೊಗಳ ಸಾಲಿಗೇ ಸೇರಿತು. ಬಾಜಿಯ ಪೂರ್ಣ ಮೊತ್ತದ ಮೇಲೆ ಶೇ. 28ರ ತೆರಿಗೆ ಬಿದ್ದಿತು. ಕ್ಲಬ್ಬಿನ ಕಮಿಷನ್ನಿಗೆ ಮಾತ್ರ ತೆರಿಗೆ ಅನ್ವಯವಾಗಬೇಕೆಂದು ಕರ್ನಾಟಕ ಉಚ್ಚ ನ್ಯಾಯಾಲಯದ ಏಕಸದಸ್ಯ ಪೀಠ 2021ರ ಜೂನ್‌ನಲ್ಲಿ ಹೇಳಿತು. 2023ರ ಅಕ್ಟೋಬರ್‌ನಿಂದ ಜಾರಿಯಾದ ಕಾನೂನು ತಿದ್ದುಪಡಿ ಪೂರ್ಣ ಮೊತ್ತದ ತತ್ತ್ವವನ್ನೇ ಗಟ್ಟಿಗೊಳಿಸಿತು. 2025ರ ಸೆಪ್ಟೆಂಬರ್ 22ರಿಂದ ತೆರಿಗೆಯ ದರ ಶೇ. 40ಕ್ಕೆ ಏರಿತು.

ಇದರ ಪರಿಣಾಮವನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. 100 ರೂಪಾಯಿಯ ಬಾಜಿಗೆ 40 ರೂಪಾಯಿ ತೆರಿಗೆ ಸೇರಿ 140 ರೂಪಾಯಿ ತೆರಬೇಕು. ಕಮಿಷನ್ 10 ರೂಪಾಯಿ ಎಂದಿಟ್ಟುಕೊಂಡರೆ ಗೆದ್ದವರಿಗೆ ಹಂಚಲು ಉಳಿಯುವುದು 90. ರೇಸಿಗೆ ಬಂದವನು ಒಂದೇ ದಿನ ಹಲವು ಪಂದ್ಯಗಳಲ್ಲಿ ಅದೇ ಹಣವನ್ನು ಮತ್ತೆಮತ್ತೆ ಕಟ್ಟುವುದರಿಂದ ಪ್ರತಿ ಸುತ್ತಿನಲ್ಲಿಯೂ ಈ ಕಡಿತ ಮರುಕಳಿಸುತ್ತದೆ. ಮೂರು ಸುತ್ತುಗಳ ಕೊನೆಗೆ 100 ರೂಪಾಯಿಯಲ್ಲಿ ಸರಾಸರಿ ಉಳಿಯುವುದು ಸುಮಾರು 27 ರೂಪಾಯಿ. ಕಮಿಷನ್ ಮಾತ್ರ ಇದ್ದಿದ್ದರೆ 73 ಉಳಿಯುತ್ತಿತ್ತು. ತೆರಿಗೆ ಕೊಡದ ಅಕ್ರಮ ಬುಕ್ಕಿಯ ಬಳಿಗೆ ಬಾಜಿ ಸರಿಯಲು ಇದಕ್ಕಿಂತ ಬೇರೆ ಪ್ರೇರಣೆ ಬೇಕಿಲ್ಲ. ಅಲ್ಲಿ ಕಟ್ಟಿದ ಹಣದಿಂದ ಸರ್ಕಾರಕ್ಕೆ ತೆರಿಗೆಯಿಲ್ಲ, ಕ್ಲಬ್ಬಿಗೆ ಕಮಿಷನ್ನಿಲ್ಲ, ಫಾರಮ್ಮಿಗೆ ಮರಿಯ ಬೆಲೆಯೂ ಇಲ್ಲ.

ಹಾಂಗ್‌ಕಾಂಗ್‌ನ ಅನುಭವ ಇಲ್ಲಿ ಬೋಧಪ್ರದ. ಅಲ್ಲಿ 1996–97ರಲ್ಲಿ ಸುಮಾರು 9,200 ಕೋಟಿ ಹಾಂಗ್‌ಕಾಂಗ್ ಡಾಲರ್‌ಗಳಷ್ಟಿದ್ದ ಪಂದ್ಯದ ವಹಿವಾಟು 2005–06ರ ವೇಳೆಗೆ ಸುಮಾರು 6,000 ಕೋಟಿಗೆ ಕುಸಿದಿತ್ತು. 2006ರಲ್ಲಿ ವಹಿವಾಟಿನ ಬದಲು ನಿವ್ವಳ ಉಳಿಕೆಯ ಮೇಲೆ ತೆರಿಗೆ ವಿಧಿಸಿದ ಮೇಲೆ ಅದು ಚೇತರಿಸಿಕೊಂಡು 2013–14ರಲ್ಲಿ 10,000 ಕೋಟಿಯನ್ನು ದಾಟಿತು.

ನೆಲದ ಪ್ರಶ್ನೆ

ಆಶ್ರಯ ದುರ್ಬಲವಾದಾಗ ಮೊದಲು ಪ್ರಶ್ನೆಗೊಳಗಾಗುವುದು ನೆಲ. ಸಿಂಗಪುರದಲ್ಲಿ 1842ರಿಂದ ನಡೆದುಬಂದ ಪಂದ್ಯಗಳು 2024ರ ಅಕ್ಟೋಬರ್ 5ರಂದು ಕೊನೆಗೊಂಡವು; ರೇಸ್ ಕೋರ್ಸಿನ ಭೂಮಿಯನ್ನು ವಸತಿ ಮೊದಲಾದ ಅಗತ್ಯಗಳಿಗಾಗಿ ಸರ್ಕಾರ ಹಿಂಪಡೆಯಲು ನಿರ್ಧರಿಸಿತ್ತು. ಅದೇ ವರ್ಷ ಚೆನ್ನೈನ ಗಿಂಡಿ ರೇಸ್ ಕೋರ್ಸಿನ ಗುತ್ತಿಗೆಯನ್ನು ತಮಿಳುನಾಡು ಸರ್ಕಾರ ರದ್ದುಪಡಿಸಿತು. ಬೆಂಗಳೂರು ರೇಸ್ ಕೋರ್ಸಿನ ಗುತ್ತಿಗೆ 2009ರಲ್ಲಿಯೇ ಮುಗಿದು ವಿವಾದ ನ್ಯಾಯಾಲಯಗಳಿಗೆ ಹೋಯಿತು. 2024ರಲ್ಲಿ ಸರ್ಕಾರ ಅಲ್ಲಿಯ ಪಂದ್ಯಗಳಿಗೆ ಪರವಾನಗಿ ನಿರಾಕರಿಸಿದಾಗ ಪಂದ್ಯಗಳು ನಿಂತವು. ಲಾಯದ ಕುದುರೆಗಳ ಮೇವಿನ ವೆಚ್ಚ ಮಾತ್ರ ನಿಲ್ಲುವಂತಿರಲಿಲ್ಲ. ಪಂದ್ಯವಿಲ್ಲದ ದಿನಗಳ ಭಾರ ಮಾಲೀಕನ ಮೇಲೂ, ಅವನ ಮೂಲಕ ಸೈಸನ ಸಂಬಳದ ಮೇಲೂ ಬೀಳುತ್ತದೆ.

ಕುಣಿಗಲ್ಲಿನ ಗುತ್ತಿಗೆಯ ಅವಧಿ 2022ಕ್ಕೆ ಕೊನೆಗೊಂಡಿತು. 400 ಎಕರೆಗೂ ಮಿಕ್ಕ ಆ ಹಸಿರು ಭೂಮಿಯಲ್ಲಿ ಟೌನ್‌ಶಿಪ್ ನಿರ್ಮಿಸುವ, ಬೆಂಗಳೂರಿನ ರೇಸ್ ಕೋರ್ಸನ್ನೇ ಅಲ್ಲಿಗೆ ಸಾಗಿಸುವ ಪ್ರಸ್ತಾಪಗಳು 2020ರ ದಶಕದಲ್ಲಿ ಕೇಳಿಬಂದಿವೆ. ತಳಿಸಾಕಣೆಗೆ ಹುಲ್ಲುಗಾವಲು, ಮರಿಗಳು ಓಡಾಡುವ ಬಯಲು, ನೆಮ್ಮದಿಯ ವಾತಾವರಣ ಅವಶ್ಯಕ. ಪಂದ್ಯಕ್ಕೆ ಬೇಕಾದುದು ಜನಸಂದಣಿ. ಇವೆರಡನ್ನೂ ಒಂದೇ ನೆಲದಲ್ಲಿ ಹೊಂದಿಸುವುದು ಸುಲಭಸಾಧ್ಯವಲ್ಲ.

ಉಪಸಂಹಾರ

ಬಾಜಿ ಕಟ್ಟುವ ಚಟದಿಂದ ಹಾಳಾದ ಕುಟುಂಬಗಳ ನೋವನ್ನಾಗಲಿ, ಓಟದಲ್ಲಿ ಕಾಲು ಮುರಿದ ಕುದುರೆಯ ಪಾಡನ್ನಾಗಲಿ ಈ ಉದ್ಯಮದ ಲೆಕ್ಕದಿಂದ ಹೊರಗಿಡಲಾಗದು. ಪಂದ್ಯ ಬೇಡವೆಂದು ಸಮಾಜ ನಿರ್ಧರಿಸುವುದಾದರೆ ಅದು ನೇರವಾದ ನಿರ್ಧಾರವಾಗಬೇಕು. ಕುದುರೆಗಳಿಗೂ ಅವನ್ನು ನಂಬಿದವರಿಗೂ ಮುಂದಿನ ದಾರಿಯನ್ನು ಅದು ತೋರಿಸಬೇಕು. ಪಂದ್ಯ ಇರಲಿ ಎನ್ನುವುದಾದರೆ ತೆರಿಗೆಯನ್ನು ಕ್ಲಬ್ಬಿನ ಉಳಿಕೆಯ ಮೇಲೆ ನಿಲ್ಲಿಸುವುದೂ ಅದರ ಒಂದು ಪಾಲನ್ನು ತಳಿಸಾಕಣೆಗೂ ಕಾರ್ಮಿಕರ ಕಲ್ಯಾಣಕ್ಕೂ ಮೀಸಲಿಡುವುದೂ ನ್ಯಾಯ. ಒಂದು ಕಡೆ ಪರವಾನಗಿ, ಮತ್ತೊಂದು ಕಡೆ ಬಾಜಿಯನ್ನು ಕತ್ತಲಿಗೆ ಅಟ್ಟುವ ತೆರಿಗೆ ಎಂಬ ಈಗಿನ ಸ್ಥಿತಿ ಎರಡು ಉದ್ದೇಶಗಳನ್ನೂ ಸಾಧಿಸದು.

ಅರಸ, ಸೈನ್ಯ, ಅರಮನೆ, ಬಾಜಿ ಎಂದು ಆಶ್ರಯ ಬದಲಾದಾಗಲೆಲ್ಲ ಮುಂದಿನ ಆಶ್ರಯದಾತ ಹೇಗೋ ದೊರೆತಿದ್ದಾನೆ. ಬಾಜಿಯ ಅನಂತರ ಯಾರು ಎಂಬುದಕ್ಕೆ ಸದ್ಯಕ್ಕೆ ಉತ್ತರವಿಲ್ಲ. ಉತ್ತರ ದೊರೆಯುವ ಮುನ್ನವೇ ಕುಣಿಗಲ್ಲಿನ ನೆಲ ಕೈಬಿಟ್ಟರೆ ಅದನ್ನು ಮರಳಿ ಹುಲ್ಲುಗಾವಲಾಗಿಸುವುದು ಅಸಾಧ್ಯ. ಫಾರಮ್ಮಿನ ದಾಖಲೆಗಳನ್ನೂ ಅಲ್ಲಿ ತಲೆಮಾರುಗಳಿಂದ ದುಡಿದವರ ಅನುಭವಜ್ಞಾನವನ್ನೂ ಸಂಗ್ರಹಿಸುವ ಕಾರ್ಯವಾದರೂ ವಿಳಂಬವಿಲ್ಲದೆ ಆರಂಭವಾಗಬೇಕು.