ಹಾಲಿನ ಆಯುಸ್ಸು: ನೆಲುವಿನಿಂದ ಶೀತಲ ಕೇಂದ್ರದವರೆಗೆ

ಕನ್ನಡ ನಾಡಿನಲ್ಲಿ ಹೈನು ಮನೆವಾರ್ತೆಯ ಅಂಗವಾಗಿದ್ದ ಕಾಲದಲ್ಲಿ ಹಾಲನ್ನು ಹಾಲಾಗಿಯೇ ಬಹಳ ಹೊತ್ತು ಇಟ್ಟುಕೊಳ್ಳುವ ಅಗತ್ಯ ಅಷ್ಟಾಗಿ ಇರಲಿಲ್ಲ. ಕರೆದ ಹಾಲಿನಲ್ಲಿ ಮಕ್ಕಳಿಗೆ, ವೃದ್ಧರಿಗೆ, ರೋಗಿಗಳಿಗೆ ಬೇಕಾದಷ್ಟನ್ನು ಕಾಯಿಸಿ ಕೊಟ್ಟ ಮೇಲೆ ಉಳಿದದ್ದಕ್ಕೆ ಹೆಪ್ಪು ಹಾಕಲಾಗುತ್ತಿತ್ತು; ಮರುದಿನ ಮೊಸರನ್ನು ಕಡೆದು ಮಜ್ಜಿಗೆಯನ್ನು ಮನೆಗೆ ಇಟ್ಟುಕೊಂಡು, ಬೆಣ್ಣೆಯನ್ನು ಒಟ್ಟು ಮಾಡಿ ತುಪ್ಪ ಕಾಯಿಸುತ್ತಿದ್ದರು. ಹಳ್ಳಿಯಿಂದ ದೂರದ ಸಂತೆಗೆ ಹೋಗುತ್ತಿದ್ದುದು ಬಹುಮಟ್ಟಿಗೆ ಬೆಣ್ಣೆ ಮತ್ತು ತುಪ್ಪ. ಹಾಲು ಊರಿನ ಎಲ್ಲೆಯನ್ನು ದಾಟುತ್ತಿದ್ದುದು ಅಪರೂಪ. ಈ ಏರ್ಪಾಡಿನ ಹಿಂದೆ ಹಾಲಿನ ಸ್ವಭಾವದ ಬಗೆಗೆ ಅನುಭವದಿಂದ ದೊರೆತ ಖಚಿತ ತಿಳುವಳಿಕೆಯಿತ್ತು. ನಗರಗಳು ಬೆಳೆದು, ಕರೆಯುವ ಕೊಟ್ಟಿಗೆಗೂ ಕುಡಿಯುವ ಲೋಟಕ್ಕೂ ನಡುವಿನ ದೂರ ಹಿಗ್ಗಿದಾಗಲೇ ಹಾಲನ್ನು ಹಾಲಾಗಿ ಉಳಿಸುವುದು ಸಾರ್ವಜನಿಕ ಪ್ರಶ್ನೆಯಾಯಿತು.

ಹಾಲು ಬೇಗ ಕೆಡುವುದಕ್ಕೆ ಅದರ ಪೌಷ್ಟಿಕತೆಯೇ ಮೂಲ ಕಾರಣ. ನೀರು, ಸಕ್ಕರೆ, ಕೊಬ್ಬು, ಪ್ರೋಟೀನು, ಲವಣಗಳು ಒಂದೇ ದ್ರವದಲ್ಲಿ ಹದವಾಗಿ ಕೂಡಿರುವುದರಿಂದ ಕರುವಿಗೂ ಮನುಷ್ಯರಿಗೂ ಒದಗುವ ಈ ಆಹಾರ ಸೂಕ್ಷ್ಮಜೀವಿಗಳಿಗೂ ಅಷ್ಟೇ ಚೆನ್ನಾಗಿ ಒದಗುತ್ತದೆ. ಕೆಚ್ಚಲಿನಿಂದ ಹೊರಬರುವಾಗ ಹಾಲಿನ ಉಷ್ಣತೆ ಸುಮಾರು 38 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕೆಚ್ಚಲಿನ ಚರ್ಮ, ಕರೆಯುವವರ ಕೈ, ಪಾತ್ರೆ, ಕೊಟ್ಟಿಗೆಯ ದೂಳು ಇವುಗಳಿಂದ ಬಂದು ಸೇರುವ ಬ್ಯಾಕ್ಟೀರಿಯಗಳು ವೃದ್ಧಿಯಾಗಲು ಈ ಬೆಚ್ಚನೆಯೇ ಸಾಕು. ಹೊಸ ಹಾಲಿಗೆ ಅವುಗಳನ್ನು ತಡೆಯುವ ಸಹಜ ಶಕ್ತಿ ಸ್ವಲ್ಪಮಟ್ಟಿಗೆ ಇದ್ದರೂ ಅದು ಕೆಲವು ತಾಸುಗಳಲ್ಲಿ ಕುಂದುತ್ತದೆ. ಅರ್ಧ ಗಂಟೆಗೊಮ್ಮೆ ಇಮ್ಮಡಿಯಾಗುವ ಒಂದು ಬ್ಯಾಕ್ಟೀರಿಯ ಐದು ಗಂಟೆಗಳಲ್ಲಿ ಸಾವಿರವನ್ನು ಮೀರುತ್ತದೆ ಎಂದು ಲೆಕ್ಕ ಹಾಕಿದರೆ, ಕರೆಯುವಾಗಿನ ಶುಚಿತ್ವಕ್ಕೂ ಅನಂತರದ ಮೊದಲ ಕೆಲವು ತಾಸುಗಳಿಗೂ ಎಷ್ಟು ಬೆಲೆಯಿದೆಯೆಂಬುದು ತಿಳಿಯುತ್ತದೆ. ಈ ಜೀವಿಗಳಲ್ಲಿ ಕೆಲವು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾರ್ಪಡಿಸುತ್ತವೆ. ಆಮ್ಲ ಏರಿದಂತೆ ಕೇಸೀನ್ ಎಂಬ ಮುಖ್ಯ ಪ್ರೋಟೀನಿನ ಕಣಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ನೋಡುವುದಕ್ಕೆ ಚೆನ್ನಾಗಿದ್ದ ಹಾಲು ಒಲೆಯ ಮೇಲಿಟ್ಟೊಡನೆ ಒಡೆಯುವುದು ಇದರಿಂದಲೇ: ಹುಳಿ ಆಗಲೇ ಏರಿರುತ್ತದೆ, ಕಾವು ಅದನ್ನು ಬಯಲಿಗೆ ತರುತ್ತದೆ.

ಸೂಕ್ಷ್ಮಜೀವಿಗಳ ಹೆಸರು ತಿಳಿಯುವುದಕ್ಕೆ ಬಹಳ ಮೊದಲೇ ಮನೆಯ ಹೆಣ್ಣುಮಕ್ಕಳು ಇದಕ್ಕೆ ತಕ್ಕ ಕ್ರಮಗಳನ್ನು ರೂಢಿಸಿದ್ದರು. ಹಾಲಿನ ಪಾತ್ರೆಯನ್ನು ಬೇರೆ ಅಡುಗೆಗೆ ಬಳಸದೆ, ಬಿಸಿನೀರಿನಲ್ಲಿ ತೊಳೆದು ಬಿಸಿಲಿಗೆ ಬೋರಲು ಹಾಕುತ್ತಿದ್ದರು. ಮಡಕೆಯ ಹಾಲನ್ನು ಬೆರಣಿಯ ಅಥವಾ ಕುಳ್ಳಿನ ಸಣ್ಣ ಉರಿಯ ಮೇಲೆ ಗಂಟೆಗಟ್ಟಲೆ ಕಾಯಲು ಬಿಡುವ ಪದ್ಧತಿಯಲ್ಲಿ ಎರಡು ಪ್ರಯೋಜನಗಳಿದ್ದವು: ಮೊದಲ ಕಾವಿನಲ್ಲಿ ಬ್ಯಾಕ್ಟೀರಿಯಗಳಲ್ಲಿ ಬಹುಪಾಲು ಸಾಯುತ್ತಿದ್ದವು, ಕೆಂಡದ ಮೇಲೆ ಹಾಲು ಬಿಸಿಯಾಗಿಯೇ ಇರುತ್ತಿದ್ದುದರಿಂದ ಉಳಿದವು ವೃದ್ಧಿಯಾಗುತ್ತಿರಲಿಲ್ಲ. ಕೆಂಪಡರಿದ ದಪ್ಪ ಕೆನೆ ಈ ನಿಧಾನವಾದ ಕಾವಿನ ಫಲ. ಆರಿದ ಮೇಲೆ ಹಾಲು ಮೊಸರಿನ ಗಡಿಗೆಗಳನ್ನು ತೊಲೆಗೆ ತೂಗುಬಿಟ್ಟ ನೆಲುವಿನಲ್ಲಿ, ಅಂದರೆ ಹಗ್ಗದಿಂದ ಹೆಣೆದ ತೂಗುಬಲೆಯಲ್ಲಿ, ಇಡುತ್ತಿದ್ದರು. ಬೆಕ್ಕು, ಇಲಿ, ಇರುವೆಗಳ ಕಾಟ ತಪ್ಪುವುದರ ಜೊತೆಗೆ ಗಾಳಿಯೂ ಆಡುತ್ತಿತ್ತು. ಬೇಸಿಗೆಯಲ್ಲಿ ಬೆಳಗಿನ ಹಾಲನ್ನು ಸಂಜೆ ಮತ್ತೊಮ್ಮೆ ಕಾಯಿಸುವುದಕ್ಕೂ ಸಕಾರಣವಿತ್ತು. ಬೀಜಾಣುಗಳೆಂಬ ಗಟ್ಟಿ ಕವಚದ ಸ್ಥಿತಿಯಲ್ಲಿರುವ ಕೆಲವು ಬ್ಯಾಕ್ಟೀರಿಯಗಳು ಕುದಿತವನ್ನೂ ತಾಳಿಕೊಂಡು, ಹಾಲು ಉಗುರುಬೆಚ್ಚಗಾದಾಗ ಮತ್ತೆ ಚಿಗುರುತ್ತವೆ.

ಇದಕ್ಕಿಂತಲೂ ಜಾಣತನದ ಉಪಾಯ ಹೆಪ್ಪು. ಕೆಡುವುದನ್ನು ತಪ್ಪಿಸಲಾಗದಿದ್ದಾಗ, ಹಿಂದಿನ ದಿನದ ಒಳ್ಳೆಯ ಮೊಸರಿನ ಒಂದು ಚಮಚವನ್ನು ಬೆರೆಸಿ, ಹಾಲನ್ನು ಹುಳಿ ಮಾಡುವ ಜೀವಿ ಯಾವುದಾಗಬೇಕೆಂಬುದನ್ನು ಗೃಹಿಣಿಯೇ ನಿರ್ಧರಿಸುತ್ತಿದ್ದಳು. ಆ ಬ್ಯಾಕ್ಟೀರಿಯಗಳು ಬೇಗ ಆಮ್ಲವನ್ನು ಉಂಟುಮಾಡಿ, ಅಪಾಯಕಾರಿಯಾದ ಇತರ ಜೀವಿಗಳಲ್ಲಿ ಹೆಚ್ಚಿನವುಗಳ ಬೆಳವಣಿಗೆಯನ್ನು ತಡೆಯುತ್ತವೆ. ತುಪ್ಪದ ವಿಷಯದಲ್ಲಿ ನೀರೇ ಇಲ್ಲವಾಗುವುದು ಮುಖ್ಯ. ಬೆಣ್ಣೆಯ ನೀರಿನಂಶವೆಲ್ಲ ಸಿಡಿದು ಆರಿ, ಗಸಿ ಕೆಂಪಾಗುವವರೆಗೆ ಕಾಯಿಸಿದ ತುಪ್ಪದಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲಾರವು. ಹಾಲನ್ನು ಬತ್ತಿಸಿದ ಖೋವಾ, ಅದಕ್ಕೆ ಸಕ್ಕರೆ ಕೂಡಿಸಿದ ಧಾರವಾಡದ ಪೇಡೆ, ಬೆಳಗಾವಿಯ ಕುಂದಾ ಇವುಗಳಲ್ಲಿಯೂ ಇದೇ ತತ್ತ್ವ ಅಡಗಿದೆ. ಕಾವು ಒಂದಿಷ್ಟು ನೀರನ್ನು ಹೊರಗೆ ಕಳಿಸಿದರೆ, ಸಕ್ಕರೆ ಉಳಿದ ನೀರನ್ನು ಹಿಡಿದಿಟ್ಟು ಜೀವಿಗಳಿಗೆ ದಕ್ಕದಂತೆ ಮಾಡುತ್ತದೆ.

ರಾಜಾಡಳಿತದ ವ್ಯವಸ್ಥೆಯಲ್ಲಿಯೂ ಈ ವಾಸ್ತವ ಕಾಣುತ್ತದೆ. 1672ರಿಂದ 1704ರವರೆಗೆ ಮೈಸೂರನ್ನು ಆಳಿದ ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು, ಬೆಣ್ಣೆ ಒದಗಿಸಲು ದನಗಳ ಹಿಂಡುಗಳನ್ನು ಒಂದು ಇಲಾಖೆಯಾಗಿ ಸಂಘಟಿಸಿದಾಗ ಅದು ಬೆಣ್ಣೆ ಚಾವಡಿ ಎಂದು ಹೆಸರಾಯಿತು. ಮುಂದೆ ಟಿಪ್ಪು ಸುಲ್ತಾನನು ಅದನ್ನು ಅಮೃತ ಮಹಲ್ ಎಂದು ಕರೆದನು. ನಾಡಿನ ಹಲವು ಕಾವಲುಗಳಲ್ಲಿ ಹರಡಿ ಮೇಯುತ್ತಿದ್ದ ಹಿಂಡುಗಳ ಫಲ ಕೆಡದೆ ರಾಜಧಾನಿಯನ್ನು ಮುಟ್ಟಬೇಕಾದರೆ ಅದಕ್ಕೆ ಬೆಣ್ಣೆಯ ರೂಪವೇ ತಕ್ಕದ್ದಾಗಿತ್ತು.

ಹತ್ತೊಂಬತ್ತನೆಯ ಶತಮಾನದಲ್ಲಿ ಸನ್ನಿವೇಶ ಬದಲಾಯಿತು. 1809ರಲ್ಲಿ ಬೆಂಗಳೂರಿನಲ್ಲಿ ನೆಲೆಗೊಂಡ ಬ್ರಿಟಿಷ್ ದಂಡಿನಂಥ ಕೇಂದ್ರಗಳು ಬೆಣ್ಣೆಯ ಜೊತೆಗೆ ಪ್ರತಿದಿನ ಹಸಿ ಹಾಲನ್ನೂ ಬೇಡಿದವು. ಸೈನ್ಯಕ್ಕೆ ಶುದ್ಧವಾದ ಹಾಲನ್ನು ಒದಗಿಸುವ ಉದ್ದೇಶದಿಂದ 1889ರಲ್ಲಿ ಅಲಹಾಬಾದಿನಲ್ಲಿ ಮೊದಲ ಮಿಲಿಟರಿ ಡೈರಿ ಫಾರಂ ಆರಂಭವಾಯಿತು. ಅಷ್ಟರಲ್ಲಿ ಯೂರೋಪಿನಲ್ಲಿ ಕಾರಣಗಳ ಶೋಧವೂ ಮುಂದುವರಿದಿತ್ತು. ಹಾಲು ಹುಳಿಯಾಗುವುದು ಜೀವಿಗಳ ಕ್ರಿಯೆಯೆಂದು ಲೂಯಿ ಪಾಶ್ಚರ್ 1857ರಲ್ಲಿ ತೋರಿಸಿದನು. ದ್ರಾಕ್ಷಾರಸ ಕೆಡದಂತೆ ಅದನ್ನು ಕುದಿಯುವ ಮಟ್ಟಕ್ಕಿಂತ ಕೆಳಗೆ ಕಾಯಿಸುವ ಅವನ ವಿಧಾನವನ್ನು, ಶಿಶುಗಳಿಗೆ ಕೊಡುವ ಹಾಲಿಗೂ ಅನ್ವಯಿಸಬೇಕೆಂದು ಜರ್ಮನಿಯ ಫ್ರಾಂಜ್ ಫಾನ್ ಸಾಕ್ಸ್‌ಲೆಟ್ 1886ರಲ್ಲಿ ಸೂಚಿಸಿದನು. ಪಾಶ್ಚರೀಕರಣವೆಂದು ಹೆಸರಾದ ಈ ಕ್ರಮದಲ್ಲಿ ಹಾಲನ್ನು 63 ಡಿಗ್ರಿಯಲ್ಲಿ 30 ನಿಮಿಷ ಅಥವಾ 72 ಡಿಗ್ರಿಯಲ್ಲಿ 15 ಸೆಕೆಂಡು ಇರಿಸಿ ಒಡನೆಯೇ ತಣಿಸಲಾಗುತ್ತದೆ. ರೋಗಕಾರಕ ಜೀವಿಗಳು ಇದರಿಂದ ಸಾಯುತ್ತವೆ, ಆದರೆ ಹಾಲು ಪೂರ್ತಿ ನಿರ್ಜೀವವಾಗುವುದಿಲ್ಲ. ಆದ್ದರಿಂದಲೇ ಪ್ಯಾಕೆಟ್ಟಿನ ಹಾಲಿಗೂ ತಂಪು ಬೇಕು.

ಈ ಹೊಸ ಶಾಸ್ತ್ರ ಭಾರತದಲ್ಲಿ ಬೇರೂರುವುದರಲ್ಲಿ ಬೆಂಗಳೂರಿನ ಪಾತ್ರ ಹಿರಿದು. 1923ರಲ್ಲಿ ಇಲ್ಲಿ ಸ್ಥಾಪನೆಯಾದ ಪಶುಸಂಗೋಪನೆ ಮತ್ತು ಹೈನುಗಾರಿಕೆಯ ಇಂಪೀರಿಯಲ್ ಸಂಸ್ಥೆ ದೇಶಕ್ಕೆ ತರಬೇತಾದ ಡೈರಿ ತಜ್ಞರನ್ನು ಒದಗಿಸಿತು. 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬೆಂಗಳೂರಿನಲ್ಲಿ ತಂಗಿದ್ದ ಗಾಂಧೀಜಿ ಗೋಪಾಲನೆಯ ಕ್ರಮಗಳನ್ನು ಅರಿಯಲು ಈ ಸಂಸ್ಥೆಗೆ ಭೇಟಿ ಕೊಟ್ಟರು. ಮುಂದೆ ಆನಂದ್‌ನ ಸಹಕಾರಿ ಚಳವಳಿಯನ್ನು ಕಟ್ಟಿದ ವರ್ಗೀಸ್ ಕುರಿಯನ್ ಅವರೂ 1940ರ ದಶಕದಲ್ಲಿ ಇಲ್ಲಿ ತರಬೇತಿ ಪಡೆದರು. 1955ರಲ್ಲಿ ಕೇಂದ್ರ ಸಂಸ್ಥೆ ಹರಿಯಾಣದ ಕರ್ನಾಲಿಗೆ ಸ್ಥಳಾಂತರಗೊಂಡು ರಾಷ್ಟ್ರೀಯ ಡೈರಿ ಸಂಶೋಧನಾ ಸಂಸ್ಥೆಯಾದಾಗ ಬೆಂಗಳೂರಿನದು ಅದರ ದಕ್ಷಿಣ ಪ್ರಾದೇಶಿಕ ಕೇಂದ್ರವಾಗಿ ಉಳಿಯಿತು.

ವಿದ್ಯೆ ನಗರದಲ್ಲಿದ್ದರೂ ಹಾಲು ಹಳ್ಳಿಯಲ್ಲಿತ್ತು. ಇವೆರಡನ್ನು ಬೆಸೆದದ್ದು ಸಹಕಾರ ಸಂಘ. 1955ರಲ್ಲಿ ಕೊಡಗಿನ ಕೂಡಿಗೆಯಲ್ಲಿ ರಾಜ್ಯದ ಮೊದಲ ಹಾಲಿನ ಸಹಕಾರ ಸಂಘ ಹುಟ್ಟಿತು. 1965ರಲ್ಲಿ ಯೂನಿಸೆಫ್ ನೆರವಿನಿಂದ ಬೆಂಗಳೂರು ಡೈರಿ ಆರಂಭವಾಯಿತು. ವಿಶ್ವಬ್ಯಾಂಕಿನ ಸಾಲದ ಯೋಜನೆಯನ್ನು ನಡೆಸಲು 1974ರಲ್ಲಿ ರೂಪುಗೊಂಡ ಡೈರಿ ಅಭಿವೃದ್ಧಿ ನಿಗಮದ ಜಾಗದಲ್ಲಿ 1984ರಲ್ಲಿ ಕರ್ನಾಟಕ ಹಾಲು ಮಹಾಮಂಡಳ ಬಂದಿತು. ಬೆಳಗ್ಗೆ ಮತ್ತು ಸಂಜೆ ಊರಿನ ಡೈರಿಯಲ್ಲಿ ಅಳೆದು, ಕೊಬ್ಬನ್ನು ಪರೀಕ್ಷಿಸಿ, ಕ್ಯಾನುಗಳಲ್ಲಿ ತುಂಬಿದ ಹಾಲು ಲಾರಿಯ ಮೇಲೆ ಶೀತಲ ಕೇಂದ್ರಕ್ಕೆ ಹೋಗುತ್ತಿತ್ತು. ಅಲ್ಲಿ ಮೊದಲ ಪರೀಕ್ಷೆ ಮೂಗಿನದು. ಅನುಮಾನ ಬಂದರೆ ಪ್ರನಾಳದಲ್ಲಿ ಸ್ವಲ್ಪ ಹಾಲನ್ನು ಕಾಯಿಸಿ ಒಡೆಯುತ್ತದೆಯೇ ಎಂದು ನೋಡುತ್ತಿದ್ದರು. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಹಾಲಿಗೆ ಬೆರೆಸಿ 37 ಡಿಗ್ರಿಯಲ್ಲಿಡುವ ಪರೀಕ್ಷೆ ಇನ್ನೂ ಸೂಕ್ಷ್ಮವಾದುದು: ಬಣ್ಣ ಐದು ಗಂಟೆ ಮೀರಿ ನಿಂತರೆ ಹಾಲು ಬಹಳ ಉತ್ತಮ, ಅರ್ಧ ಗಂಟೆಯೊಳಗೆ ಮಾಯವಾದರೆ ಅದರಲ್ಲಿ ಬ್ಯಾಕ್ಟೀರಿಯಗಳು ಕಿಕ್ಕಿರಿದಿವೆಯೆಂದು ಅರ್ಥ. ಕ್ಯಾನು ದಾರಿಯಲ್ಲಿ ಕಳೆಯುತ್ತಿದ್ದ ಬೆಚ್ಚನೆಯ ಹೊತ್ತೇ ಈ ವ್ಯವಸ್ಥೆಯ ಅತ್ಯಂತ ದುರ್ಬಲ ಕೊಂಡಿಯಾಗಿತ್ತು. ಹಳ್ಳಿಗಳ ಗುಂಪಿಗೊಂದರಂತೆ ಬಂದ ದೊಡ್ಡ ಶೀತಲ ತೊಟ್ಟಿಗಳು ಹಾಲನ್ನು ಕರೆದ ಊರಿನ ಹತ್ತಿರದಲ್ಲಿಯೇ 4 ಡಿಗ್ರಿಗೆ ಇಳಿಸಿ ಆ ಕೊರತೆಯನ್ನು ಬಹುಮಟ್ಟಿಗೆ ನೀಗಿದವು. ಸುಮಾರು 135 ಡಿಗ್ರಿಗೂ ಮೇಲೆ ಕೆಲವೇ ಸೆಕೆಂಡು ಕಾಯಿಸಿ, ಸೂಕ್ಷ್ಮಜೀವಿರಹಿತವಾದ ಪೊಟ್ಟಣದಲ್ಲಿ ತುಂಬುವ ವಿಧಾನ ಬಂದ ಮೇಲೆ, ತೆರೆಯದ ಹಾಲು ಫ್ರಿಜ್ಜಿನ ಹಂಗಿಲ್ಲದೆ ತಿಂಗಳುಗಟ್ಟಲೆ ಉಳಿಯುವುದೂ ಸಾಧ್ಯವಾಯಿತು.

ಈ ದೀರ್ಘ ಚರಿತ್ರೆಯಲ್ಲಿ ಸಾಧನಗಳು ಬದಲಾಗಿದ್ದರೂ ತತ್ತ್ವಗಳು ಬದಲಾಗಿಲ್ಲ: ಕೊಳೆ ಸೇರದಂತೆ ಕರೆಯುವುದು, ಕಾಯಿಸಿ ಜೀವಿಗಳನ್ನು ತಗ್ಗಿಸುವುದು, ಅನಂತರ ಹಾಲನ್ನು ಉಗುರುಬೆಚ್ಚಗೆ ಬಿಡದೆ ಬಿಸಿಯಾಗಿಯೋ ತಣ್ಣಗೋ ಇಡುವುದು. ಕೆಂಡವು ಮೊದಲನೆಯ ದಾರಿಯನ್ನು, ಶೀತಲ ತೊಟ್ಟಿಯು ಎರಡನೆಯದನ್ನು ಹಿಡಿಯಿತು. ಆದರೆ ಕಾವಾಗಲಿ ತಂಪಾಗಲಿ ಆಗಲೇ ಹುಳಿಯಾದ ಹಾಲನ್ನು ಮತ್ತೆ ಹೊಸದಾಗಿಸಲಾರದು. ಕೆಡಿಸುವ ಕ್ರಿಯೆಯನ್ನು ತಡೆಯಬಹುದೇ ಹೊರತು ಹಿಂದಿರುಗಿಸುವಂತಿಲ್ಲ. ಹೀಗಾಗಿ ಬೆಂಗಳೂರಿನ ಅಡುಗೆಮನೆಯಲ್ಲಿ ಹಾಲು ಎಷ್ಟು ಹೊತ್ತು ಉಳಿಯುತ್ತದೆಂಬುದು ಬಹುಪಾಲು ದೂರದ ಹಳ್ಳಿಯ ಕೊಟ್ಟಿಗೆಯಲ್ಲಿ, ಕೆಚ್ಚಲು ತೊಳೆದು ಕರೆಯಲು ಕುಳಿತವರ ಕೈಯಲ್ಲಿ, ಮೊದಲೇ ನಿಶ್ಚಯವಾಗುತ್ತದೆ. ಆ ಶ್ರಮಕ್ಕೆ ಹಾಲಿನ ಪ್ರಮಾಣವನ್ನು ನೋಡಿ ಬೆಲೆ ಕಟ್ಟಿದರೆ ಸಾಲದು, ಅದರ ಶುಚಿತ್ವಕ್ಕೂ ಬೆಲೆ ಕಟ್ಟಬೇಕು ಎಂಬುದೇ ಈ ಚರಿತ್ರೆಯಿಂದ ಹೊರಡುವ ನ್ಯಾಯವಾದ ತೀರ್ಮಾನ.