ನಮ್ಮ ಸೀಮೆ ಚರಿತ್ರೆ, ಭಾಗ 6: ನೀರು ತಂದ ತಂಗಡಿ ಗಿಡ

ನಾಗಮಂಗಲ, ಕೆ.ಆರ್. ಪೇಟೆ ಕಡೆ ಬಸ್ಸಲ್ಲಿ ಹೋಗುವಾಗ ರಸ್ತೆ ಪಕ್ಕದ ಮರಳು ನೆಲದಲ್ಲಿ ಹಳದಿ ಹೂ ತುಂಬಿದ ಪೊದೆ ನೋಡಿರ್ತೀರಿ. ಅದೇ ತಂಗಡಿ. ಆವರಿಕೆ ಅಂತಲೂ ಕರೀತಾರೆ. ನೀರಿಲ್ಲದ ಕಡೆ ಬೆಳೆಯೋ ಈ ಗಿಡ ಒಂದು ಕಾಲಕ್ಕೆ ಹೊಲಕ್ಕೆ ನೀರು ತರ್ತಿತ್ತು ಅಂದ್ರೆ ನಂಬ್ತೀರಾ? 🌼

ಶ್ರೀರಂಗಪಟ್ಟಣದ ಗದ್ದೆಗಳಿಗೆ ಕಾವೇರಿಯ ಹಳೇ ನಾಲೆಗಳಿದ್ದವು. ನಾಲೆ ಮುಟ್ಟದ ಊರುಗಳಿಗೆ ಕೆರೆ, ಬಾವಿಯೇ ಗತಿ. ಬಾವಿಯಿಂದ ನೀರೆತ್ತೋಕೆ ಕಪಿಲೆ. ಎತ್ತುಗಳು ಇಳಿಜಾರಲ್ಲಿ ನಡೆದರೆ ದೊಡ್ಡ ತೊಗಲ ಚೀಲ ನೀರು ತುಂಬಿಕೊಂಡು ಮೇಲೆ ಬರ್ತಿತ್ತು.

ಆದರೆ ಹಸಿ ತೊಗಲು ನೀರಲ್ಲಿ ಕೊಳೆಯುತ್ತೆ. ಅದಕ್ಕೇ ತೊಗಲನ್ನು ಸುಣ್ಣದ ನೀರಲ್ಲಿ ನೆನೆಸಿ, ಕೂದಲು ತೆಗೆದು, ಜಜ್ಜಿದ ತಂಗಡಿ ತೊಗಟೆಯ ನೀರಲ್ಲಿ ದಿನಗಟ್ಟಲೆ ಅದ್ದಿಡ್ತಿದ್ರು. ತೊಗಟೆಯಲ್ಲಿರೋ ಟ್ಯಾನಿನ್ ತೊಗಲಿಗೆ ಹಿಡಿದು ಅದನ್ನು ಗಟ್ಟಿ ಮಾಡ್ತಿತ್ತು.

ಈ ಕೆಲಸ ಮಾಡ್ತಿದ್ದವರು ಮಾದಿಗ ಸಮುದಾಯದವರು. ಕಪಿಲೆ ಚೀಲ, ಮಿಣಿ, ಚಪ್ಪಲಿ ಎಲ್ಲ ಅವರ ಕೈಯದೇ. ಟಿಪ್ಪು ಮಡಿದ ಮರುವರ್ಷ, 1800ರಲ್ಲಿ, ಫ್ರಾನ್ಸಿಸ್ ಬುಕಾನನ್ ಮೈಸೂರು ಸೀಮೆ ಸುತ್ತಿದ. 1807ರಲ್ಲಿ ಬಂದ ಅವನ ಪುಸ್ತಕದಲ್ಲಿ ತೊಗಲು ಹದ ಮಾಡುವ ಕ್ರಮದ ವಿವರವೂ ಇದೆ.

ಈಗ ಸ್ವಲ್ಪ ಯೋಚಿಸಿ. ಹೊಲಕ್ಕೆ ನೀರೆತ್ತೋ ಚೀಲ ಇವರೇ ಹೊಲಿಯಬೇಕು. ಆದರೆ ಊರ ಬಾವಿಯಿಂದ ಒಂದು ಬಿಂದಿಗೆ ನೀರು ಸೇದೋ ಹಾಗಿಲ್ಲ! ಅವರ ಕೆಲಸ ಎಲ್ಲರಿಗೂ ಬೇಕಿತ್ತು, ಅವರು ಮಾತ್ರ ಊರಾಚೆ ಇರಬೇಕಿತ್ತು.

20ನೇ ಶತಮಾನದಲ್ಲಿ ಎಲ್ಲ ಬದಲಾಯ್ತು. ಮದ್ರಾಸಿನಲ್ಲಿ ಆಲ್ಫ್ರೆಡ್ ಚಾಟರ್ಟನ್ ಕ್ರೋಮ್ ಹದ ಶುರು ಮಾಡಿಸಿದ. ಅವನೇ ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ನಿರ್ದೇಶಕನಾದ. ದಕ್ಷಿಣ ಆಫ್ರಿಕಾದಿಂದ ವಾಟಲ್ ತೊಗಟೆಯೂ ಬಂತು. ತಂಗಡಿ ತೊಗಟೆಗೆ ಬೇಡಿಕೆ ಇಳೀತು. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆ ಎಷ್ಟೋ ಊರಿಗೆ ನಾಲೆ ನೀರು ಕೊಟ್ಟಿತು. ಉಳಿದ ಕಡೆ ಪಂಪ್‌ಸೆಟ್ ಬಂದು ಕಪಿಲೆ ನಿಂತೇ ಹೋಯ್ತು. 1950ರಲ್ಲಿ ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನು ರದ್ದು ಮಾಡ್ತು. ಕಾಗದದ ಮೇಲೆ ರದ್ದಾದದ್ದು ಮನಸ್ಸಲ್ಲೂ ರದ್ದಾಗಿದೆಯಾ ಅನ್ನೋದನ್ನ ನಿಮ್ಮೂರು ನೋಡಿ ನೀವೇ ಹೇಳಬೇಕು.

ಶ್ರೀರಂಗಪಟ್ಟಣ ಅಂದ್ರೆ ನಮಗೆ ಕೋಟೆ, ಕತ್ತಿ, 1799ರ ಯುದ್ಧ. ಆ ಕುದುರೆಗಳ ಜೀನಿನ ತೊಗಲು ಹದ ಮಾಡಿದವರ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ. ಮನೇಲಿ ಅಜ್ಜ ಅಜ್ಜಿ ಇದ್ರೆ ಕೇಳಿ: ನಮ್ಮ ಕಪಿಲೆ ಚೀಲ ಹೊಲಿದುಕೊಟ್ಟವರು ಯಾರು? ಹೆಸರು ಸಿಕ್ಕರೆ ಬರೆದಿಟ್ಟುಕೊಳ್ಳಿ. ಅದೂ ಚರಿತ್ರೆನೇ.

#ತಂಗಡಿ #ಕಪಿಲೆ #ನಮ್ಮಮಂಡ್ಯ