ರಾಗಿ ಹೊಲಕ್ಕೆ ಬಂದ ನೀಲಗಿರಿ

ಗೌರಿಬಿದನೂರು ತಾಲ್ಲೂಕಿನ ಕುಡುಮಲಕುಂಟೆ ಇಂದು ಹೊರಗಿನವರಿಗೆ ಗೊತ್ತಿರುವುದು ಕೈಗಾರಿಕಾ ಪ್ರದೇಶವಾಗಿ. ಆದರೆ ಈ ಸೀಮೆಯ ಕುಷ್ಕಿ ಭೂಮಿ ಕಾರ್ಖಾನೆಗಳಿಗೂ ಮುಂಚೆ ಒಮ್ಮೆ ಸದ್ದಿಲ್ಲದೆ ರೂಪ ಬದಲಿಸಿತ್ತು. 1970ರ ದಶಕದ ಕೊನೆಯಿಂದ, ಚಿಕ್ಕಬಳ್ಳಾಪುರವಿನ್ನೂ ಪ್ರತ್ಯೇಕ ಜಿಲ್ಲೆಯಾಗದಿದ್ದ ದಿನಗಳಲ್ಲಿ, ಕೋಲಾರ ಜಿಲ್ಲೆಯ ಎಷ್ಟೋ ರಾಗಿ ಹೊಲಗಳು ನೀಲಗಿರಿ ತೋಪುಗಳಾದವು. ನೀರು ಬತ್ತಿದಾಗಲೆಲ್ಲ ನಾವು ಆ ಮರವನ್ನು ಬೈಯುತ್ತ ಬಂದಿದ್ದೇವೆ. ನನ್ನ ಮಟ್ಟಿಗೆ ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಯಾವುದನ್ನು ತೆಗೆದು ಅದನ್ನು ನೆಟ್ಟೆವು?

ಮರವೇನೂ ಹೊಸದಲ್ಲ. 1790ರ ಸುಮಾರಿಗೆ ಟಿಪ್ಪು ಸುಲ್ತಾನ ನಂದಿಬೆಟ್ಟದ ತೋಟಕ್ಕೆ ತರಿಸಿದನೆಂಬುದು ರೂಢಿಯ ಮಾತು. ಅಲ್ಲಿನ ಬೀಜದಿಂದ ಹಬ್ಬಿದ ತಳಿಯೇ 'ಮೈಸೂರು ಗಮ್'. ಬೆಟ್ಟದ ಮೇಲಿದ್ದಷ್ಟು ಕಾಲ ಅದು ಯಾರ ಹೊಟ್ಟೆಯ ಮೇಲೂ ಹೊಡೆಯಲಿಲ್ಲ. ಕಾಗದ, ರೇಯಾನ್ ಕಾರ್ಖಾನೆಗಳ ಬೇಡಿಕೆಯೂ ಸಾಮಾಜಿಕ ಅರಣ್ಯ ಯೋಜನೆಯ ಸಸಿಗಳೂ ಕೂಡಿಬಂದಾಗ ಅದು ಹೊಲಕ್ಕಿಳಿಯಿತು. ರೈತರೇ ಒಪ್ಪಿ ನೆಟ್ಟರಲ್ಲವೇ ಎನ್ನುವವರಿದ್ದಾರೆ. ಹೌದು, ನೆಟ್ಟರು. ದನ ಮೇಯುವುದಿಲ್ಲ, ಕಳೆ ಕೀಳಬೇಕಿಲ್ಲ, ಕಡಿದರೆ ಬುಡದಲ್ಲೇ ಮತ್ತೆ ಚಿಗುರುತ್ತದೆ. ಮಳೆ ನೆಚ್ಚಿ ಸೋತವರಿಗೆ ಇವು ಸಣ್ಣ ಕಾರಣಗಳಲ್ಲ. ಆದರೆ ಅದರ ಬೆಲೆ ತೆತ್ತವರು ಕೂಲಿಯವರು, ರಾಗಿ ಹುಲ್ಲು ನಂಬಿದ್ದ ದನಗಾರರು. ಕೋಲಾರದ ಸಾಮಾಜಿಕ ಅರಣ್ಯದ ಬಗ್ಗೆ ವಂದನಾ ಶಿವ ಮತ್ತು ಸಂಗಡಿಗರು 1981ರಲ್ಲಿ ನಡೆಸಿದ ಅಧ್ಯಯನ ಈ ನಷ್ಟವನ್ನೇ ಎತ್ತಿ ತೋರಿಸಿತು. 1983ರಲ್ಲಿ ಪಕ್ಕದ ಕೊರಟಗೆರೆ ತಾಲ್ಲೂಕಿನಲ್ಲಿ ರೈತ ಸಂಘದವರು ನರ್ಸರಿಯ ನೀಲಗಿರಿ ಸಸಿಗಳನ್ನು ಕಿತ್ತೆಸೆದರು.

ನೀರಿನ ವಾದಕ್ಕೆ ಅಳತೆ ಸಿಕ್ಕಿದ್ದು ಆಮೇಲೆ. 1980ರ ದಶಕದ ಕೊನೆಯಲ್ಲಿ ಬ್ರಿಟನ್ನಿನ ಜಲವಿಜ್ಞಾನಿ ಇಯಾನ್ ಕಾಲ್ಡರ್ ಮತ್ತು ಸಹೋದ್ಯೋಗಿಗಳು ಹೊಸಕೋಟೆಯಲ್ಲೂ ಶಿವಮೊಗ್ಗದ ಕಡೆಯಲ್ಲೂ, ನೆಲಕ್ಕೆ ಹೂತ ಕೊಳವೆಯೊಳಗೆ ನ್ಯೂಟ್ರಾನ್ ಉಪಕರಣ ಇಳಿಬಿಟ್ಟು ಮಣ್ಣಿನ ಪದರಪದರದ ತೇವ ಅಳೆದರು. ಮಣ್ಣು ಮೂರು ಮೀಟರ್ ಆಸುಪಾಸು ಆಳವಿದ್ದಲ್ಲಿ ನೀಲಗಿರಿ ಕುಡಿದ ನೀರು ನಾಡಿನ ಕುರುಚಲು ಕಾಡು ಕುಡಿದದ್ದಕ್ಕಿಂತ ಹೆಚ್ಚಿರಲಿಲ್ಲ. ರಾಗಿಯ ಪಕ್ಕದಲ್ಲಿಟ್ಟರೆ ಮಾತ್ರ ಸುಮಾರು ಎರಡರಷ್ಟಾಯಿತು. ಹೊಸಕೋಟೆಯ ಆಳದ ಮಣ್ಣಿನಲ್ಲಂತೂ ಎಳೆಯ ತೋಪು ಬಿದ್ದ ಮಳೆಯನ್ನೂ ಮೀರಿ, ಮಣ್ಣಿನಲ್ಲಿ ಹಿಂದೆ ಕೂಡಿಟ್ಟಿದ್ದ ತೇವವನ್ನೂ ಹೀರಿತ್ತು.

ಬತ್ತಿಸಿದ್ದು ಕೊಳವೆಬಾವಿಗಳು, ಮರದ ಮೇಲೇಕೆ ಆರೋಪ ಎಂಬ ಆಕ್ಷೇಪದಲ್ಲಿ ಅರ್ಧ ಸತ್ಯವಿದೆ. ಬೇರುಗಳು ಅಂತರ್ಜಲದ ಮಟ್ಟ ಮುಟ್ಟಿದ್ದಕ್ಕೆ ಆ ಸಂಶೋಧನೆಯಲ್ಲಿ ಪುರಾವೆ ಸಿಗಲಿಲ್ಲ. ಕೆಳಗಿನ ನೀರೆತ್ತಿದ್ದು ಪಂಪುಗಳೇ. ಆದರೆ ಬೇರಿನ ಪದರ ತಣಿದ ಮೇಲಷ್ಟೇ ಮಳೆನೀರು ಕೆಳಗಿಳಿಯುತ್ತದೆ. ಒಣಗಿದ ಮಣ್ಣು ಮೊದಲು ತನ್ನ ದಾಹ ತೀರಿಸಿಕೊಳ್ಳುತ್ತದೆ. ಅಂದರೆ ಒಂದು ಕಡೆ ಖರ್ಚು ಏರಿತು, ಇನ್ನೊಂದು ಕಡೆ ಜಮೆ ನಿಂತಿತು. ಹಾಗಾದರೆ ಕಾಡೂ ಬೇಡವೇ? ಕಾಡು ತಾನು ಕುಡಿದ ನೀರಿಗೆ ಮೇವು, ಸೌದೆ, ಹಕ್ಕಿಪಕ್ಷಿ, ಹತ್ತಾರು ಜಾತಿಯ ಗಿಡಗಳನ್ನು ಕೊಡುತ್ತದೆ. ಒಂದೇ ಜಾತಿಯ ತೋಪು ಕೊಡುವುದು ದಿಮ್ಮಿ ಮಾತ್ರ.

2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅದು ಸರಿಯಾದ ಹೆಜ್ಜೆ. ಆದರೆ ಅದೇ ಹೊಲಕ್ಕೆ ಬೇಗ ಬೆಳೆಯುವ ಇನ್ನೊಂದು ಮರ ಬಂದರೆ ನೀರಿನ ಲೆಕ್ಕ ಬದಲಾಗದು. ಬುಡ ಕಿತ್ತು ರಾಗಿ, ಅವರೆ ಬಿತ್ತಿದರೂ ಆಳದ ಒಣ ಪದರ ತುಂಬುವುದಕ್ಕೆ ಹಲವು ಮುಂಗಾರುಗಳೇ ಬೇಕು. ಮೊದಲ ವರ್ಷವೇ ಬಾವಿಯಲ್ಲಿ ನೀರು ಕಾಣಲಿಲ್ಲವೆಂದು ರೈತರನ್ನು ಕೈಬಿಡದಂಥ ನೆರವು ಆ ನಿಷೇಧದ ಜೊತೆಗೇ ಬರಬೇಕು.